ಪಿಕ್‌ಗಾರ್ಡ್ ಬದಲಿಸಿದ ಮೇಲೆ ಬೇಸ್ ಗಿಟಾರಿನಲ್ಲಿ ಗುಂಯ್ ಶಬ್ದ, ಟೋನ್ ಗುಂಡಿಯೂ ನಿಷ್ಪ್ರಯೋಜಕ

ಪ್ರಶ್ನೆ: ಮಂದ್ರಪ್ರಿಯ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಪ್ರಿಸಿಷನ್ ಮಾದರಿಯ, ನಾಲ್ಕು ತಂತಿಯ ಹೊಸ ಬೇಸ್ ಗಿಟಾರೊಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ತಿಳಿಹಸಿರು ಬಣ್ಣದ್ದು, ನುಡಿಸದಿರುವಾಗಲೂ ಚೀಲಕ್ಕೆ ಹಾಕಲು ಮನಸ್ಸಾಗದೆ ನಡುಮನೆಯಲ್ಲೇ ನಿಲ್ಲಿಸಿಕೊಂಡಿದ್ದೇನೆ ಎಂದರೆ ನನ್ನ ಸ್ಥಿತಿ ತಮಗೆ ಅರ್ಥವಾದೀತು. ಅದರ ಮೈಮೇಲಿನ ಬಿಳಿ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್, ಮಾತ್ರ ಸಪ್ಪೆಯೆನಿಸಿದ್ದರಿಂದ, ಆಮೆಚಿಪ್ಪಿನ ವಿನ್ಯಾಸದ ಕೆಂಗಂದು ಪಿಕ್‌ಗಾರ್ಡನ್ನೂ ಲೋಹದ ಗುಂಡಿಗಳನ್ನೂ ತರಿಸಿ ಹಾಕಿದೆ. ನೋಡಲು ಬಹಳ ಚೆನ್ನಾಗಿದೆ, ಆದರೆ ತೊಂದರೆಗಳು ಶುರುವಾಗಿವೆ.

ಆಂಪ್ಲಿಫೈಯರಿಗೆ ಜೋಡಿಸಿದೊಡನೆ ಗುಂಯ್ ಎನ್ನುತ್ತದೆ. ಫೋನಿನ ಟ್ಯೂನರ್ ಆ ಶಬ್ದವನ್ನು ಜಿ ಸ್ವರಕ್ಕಿಂತ ತುಸು ಮೇಲೆ ತೋರಿಸುತ್ತದೆ. ತಂತಿಗಳನ್ನು ಮುಟ್ಟಿದರೆ ಶಬ್ದ ತಗ್ಗುವ ಬದಲು ಹೆಚ್ಚುತ್ತದೆ. ಕೇಬಲ್ಲಿನ ಪ್ಲಗ್‌ನ ಲೋಹದ ಭಾಗವನ್ನು ಮುಟ್ಟಿದರೆ ತಗ್ಗುತ್ತದೆ. ಟೋನ್ ಗುಂಡಿಯನ್ನು ಪೂರ್ತಿ ಇಳಿಸಿದರೂ ಧ್ವನಿ ಮಂದವಾಗುವುದಿಲ್ಲ. ಇದಲ್ಲದೆ ಪಿಕ್‌ಗಾರ್ಡಿನ ಹದಿಮೂರು ತೂತುಗಳಲ್ಲಿ ಮೂರು ಮರದ ತೂತುಗಳ ಮೇಲೆ ಸರಿಯಾಗಿ ಕೂರುತ್ತಿಲ್ಲ, ಹೊಸ ಗುಂಡಿಗಳು ಓಲಾಡುತ್ತವೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಸುಟ್ಟುಹೋಗಿರಬಹುದೇ?

ಉತ್ತರ: ಬೆಸುಗೆ, ಮಲ್ಲೇಶ್ವರ

ಪಿಕಪ್ ಬಗ್ಗೆ ಚಿಂತಿಸಬೇಡಿ. 1957ರಲ್ಲಿ ಫೆಂಡರ್ ಕಂಪನಿ ಈ ಮಾದರಿಗೆ ಅಳವಡಿಸಿದ ಎರಡು ತುಂಡಿನ ಪಿಕಪ್‌ನ ವಿಶೇಷವೇ ಅದು: ಎರಡು ಸುರುಳಿಗಳ ಸುತ್ತೂ ಅಯಸ್ಕಾಂತದ ದಿಕ್ಕೂ ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಹೊರಗಿನಿಂದ ಬರುವ ಗುಂಯ್ ಶಬ್ದ ಅಲ್ಲಿಯೇ ಬಹುಮಟ್ಟಿಗೆ ರದ್ದಾಗುತ್ತದೆ. ಹೀಗಾಗಿ ಈ ಬೇಸ್ ಜೋರಾಗಿ ಗುಂಯ್‌ಗುಟ್ಟಿದರೆ ಮೊದಲು ಅನುಮಾನಿಸಬೇಕಾದದ್ದು, ಬೇಡದ ಶಬ್ದ ಹರಿದುಹೋಗಬೇಕಾದ ಗ್ರೌಂಡ್ ಸಂಪರ್ಕವನ್ನು. ಟ್ಯೂನರ್ ಹೇಳಿದ್ದೂ ಇದನ್ನೇ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ಇ ತಂತಿಯ ಮೂರನೆಯ ಮೆಟ್ಟಿನ (ಫ್ರೆಟ್) ಜಿ ಸುಮಾರು 49 ಹರ್ಟ್ಸ್. ಅದಕ್ಕಿಂತ ತುಸು ಮೇಲಿರುವ ನಿಮ್ಮ ಗುಂಯ್ ಮನೆಯ ವಿದ್ಯುತ್ತಿನದೇ.

ನಿಮ್ಮ ಲಕ್ಷಣಗಳು ಮೂರಾದರೂ ಕಾರಣ ಒಂದೇ ಇರಬೇಕು. ಈ ಮಾದರಿಯಲ್ಲಿ ವಾಲ್ಯೂಮ್ ಪಾಟ್, ಟೋನ್ ಪಾಟ್ (ಗುಂಡಿಗಳ ಕೆಳಗಿನ ತಿರುಗುವ ನಿಯಂತ್ರಕಗಳು), ಕೇಬಲ್ ಸಿಕ್ಕಿಸುವ ಜ್ಯಾಕ್ ಮೂರೂ ಪಿಕ್‌ಗಾರ್ಡಿಗೇ ಬಿಗಿದಿರುತ್ತವೆ. ಕಳಚಿಟ್ಟ ಬಿಳಿ ಪಿಕ್‌ಗಾರ್ಡನ್ನು ತಿರುಗಿಸಿ ನೋಡಿ: ಗುಂಡಿಗಳಿದ್ದ ಜಾಗದ ಹಿಂಬದಿಗೆ ತೆಳು ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿರುತ್ತಾರೆ. ಅದು ಹೊರಗಿನ ಶಬ್ದವನ್ನು ತಡೆಯುವುದರ ಜೊತೆಗೆ, ಕೆಲವು ಗಿಟಾರುಗಳಲ್ಲಿ ಪಾಟುಗಳ ಲೋಹದ ಮೈಗಳನ್ನು ಒಂದಕ್ಕೊಂದು ಸೇರಿಸುವ ವೈರಿನ ಕೆಲಸವನ್ನೂ ಮಾಡುತ್ತದೆ. ಹೊಸದು ಬರೀ ಪ್ಲಾಸ್ಟಿಕ್ ಆಗಿದ್ದರೆ ಆ ಕೊಂಡಿ ಕಳಚಿದಂತೆಯೇ. ಗಿಟಾರಿನ ತಂತಿಗಳು ಕೂರುವ ಲೋಹದ ಬ್ರಿಜ್‌ನಿಂದ ಬರುವ ವೈರ್ ಟೋನ್ ಪಾಟಿನ ಬೆನ್ನಿಗೆ ಬೆಸೆದಿದ್ದು ಆ ಪಾಟ್ ಈಗ ಒಂಟಿಯಾಗಿ ನಿಂತಿದ್ದರೆ, ತೀಕ್ಷ್ಣ ಧ್ವನಿಯನ್ನು ಗ್ರೌಂಡಿಗೆ ಹರಿಸಬೇಕಾದ ಟೋನ್ ಕೆಪಾಸಿಟರಿಗೆ ಗ್ರೌಂಡ್ ಸಿಗದು, ಆದ್ದರಿಂದ ಧ್ವನಿ ಮಂದವಾಗದು. ಗಿಟಾರಿನ ತಂತಿಗಳಿಗೂ ಗ್ರೌಂಡ್ ಇಲ್ಲದ ಕಾರಣ ನೀವು ಮುಟ್ಟಿದಾಗ ನಿಮ್ಮ ಮೈ ಹಿಡಿದ ಶಬ್ದವೆಲ್ಲ ಅದೇ ಕೆಪಾಸಿಟರಿನ ಮೂಲಕ ಸಿಗ್ನಲ್ ದಾರಿಗೆ ನುಗ್ಗುತ್ತದೆ. ಟೋನ್ ಇಳಿಸಿದಷ್ಟೂ ಗುಂಯ್ ಹೆಚ್ಚುವುದಾದರೆ ನನ್ನ ಊಹೆ ಸರಿ.

ಖಚಿತಪಡಿಸಿಕೊಳ್ಳಲು ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಹಾಕಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನಿಂದ ಕಿತ್ತಿಟ್ಟು, ಅದರ ಪ್ಲಗ್‌ನ ಹೊರಮೈಗೂ ಬ್ರಿಜ್‌ಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬರದಿದ್ದರೆ ಪಿಕ್‌ಗಾರ್ಡ್ ಎತ್ತಿ, ಎರಡು ಪಾಟುಗಳ ಬೆನ್ನಿನ ನಡುವೆ ಒಂದು ತುಂಡು ವೈರ್ ಬೆಸೆಯಿರಿ. ಬೆನ್ನನ್ನು ಮರಳುಕಾಗದದಿಂದ ತುಸು ಉಜ್ಜಿದರೆ ಸೀಸ ಹಿಡಿಯುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಆ ಲೋಹವನ್ನು ಕಾಯಿಸಲು ಹೆಣಗಾಡುತ್ತದೆ, ಅಷ್ಟರಲ್ಲಿ ಪಾಟಿನ ಒಳಭಾಗವೇ ಬಿಸಿಯಾಗಿ ಹಾಳಾಗಬಹುದು. 60 ವ್ಯಾಟಿನದನ್ನು ಬಳಸಿ ಕ್ಷಣದಲ್ಲಿ ಮುಗಿಸುವುದು ಮೇಲು. ಬಣ್ಣದ ಮೇಲೆ ದಪ್ಪ ಬಟ್ಟೆ ಹೊದಿಸುವುದನ್ನು ಮರೆಯಬೇಡಿ.

ನಂತರ ಹಿಂಬದಿಗೆ ತಾಮ್ರದ ಟೇಪ್ ಅಂಟಿಸಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸುವಾಗ ಅಂಟೂ ವಿದ್ಯುತ್ತನ್ನು ಹಾಯಿಸುವಂಥದ್ದೇ ಎಂದು ಕೇಳಿ. ಅಲ್ಲದಿದ್ದರೆ ಟೇಪಿನ ಪಟ್ಟಿಗಳು ಸೇರುವಲ್ಲೆಲ್ಲ ಒಂದೊಂದು ಹನಿ ಸೀಸ ಇಡಬೇಕಾಗುತ್ತದೆ. ಒಂದು ಎಚ್ಚರಿಕೆ: ಪ್ಲಗ್ ಒಳಹೋದಾಗ ಜ್ಯಾಕಿನ ನಾಲಿಗೆ ಹೊರಕ್ಕೆ ಬಾಗುತ್ತದೆ. ಅದು ಟೇಪಿಗೆ ತಗುಲಿದರೆ ಗಿಟಾರ್ ಪೂರ್ತಿ ಮೌನವಾಗುತ್ತದೆ. ಎದುರಿನ ಜಾಗಕ್ಕೆ ಇನ್ಸುಲೇಷನ್ ಟೇಪ್ ಹಾಕಿ.

ತೂತುಗಳ ವಿಷಯಕ್ಕೆ ಮರವನ್ನು ಮುಟ್ಟಬೇಡಿ. ಪಿಕ್‌ಗಾರ್ಡನ್ನು ಮೊದಲು ಕತ್ತಿನ ಬುಡಕ್ಕೂ ಪಿಕಪ್‌ಗೂ ಹೊಂದಿಸಿ, ಸರಿಹೊಂದುವ ಹತ್ತು ಸ್ಕ್ರೂಗಳನ್ನು ಅರ್ಧ ಬಿಗಿದು, ಉಳಿದ ಮೂರು ತೂತುಗಳನ್ನು ಸಣ್ಣ ದುಂಡು ಅರದಿಂದ ಬೇಕಾದ ದಿಕ್ಕಿಗೆ ಉಜ್ಜಿ. ವ್ಯತ್ಯಾಸ ಒಂದು ಮಿಲಿಮೀಟರಿನಷ್ಟಿದ್ದರೆ ಸ್ಕ್ರೂವಿನ ತಲೆ ಅದನ್ನು ಮುಚ್ಚುತ್ತದೆ. ಗುಂಡಿಗಳ ಓಲಾಟ ಅಳತೆಯದು: ಅಮೆರಿಕನ್ ಅಳತೆಯ ಗುಂಡಿಯ ತೂತು 6.35 ಮಿ.ಮೀ., ಏಷ್ಯಾದಲ್ಲಿ ತಯಾರಾದ ಬಹುತೇಕ ಪಾಟುಗಳ ದಂಡ 6 ಮಿ.ಮೀ. ದಂಡಕ್ಕೆ ತೆಳು ಹಿತ್ತಾಳೆಯ ತೋಳು ತೊಡಿಸಿದರೆ ಸಾಕು. ದಂಡ ಸೀಳಿದ್ದರೆ ಗುಂಡಿಯ ಸ್ಕ್ರೂ ಆ ಸೀಳಿನ ಮೇಲೆ ಬೀಳದಂತೆ ತಿರುಗಿಸಿ ಬಿಗಿಯಿರಿ.

ಮರುಪ್ರಶ್ನೆ: ಮಂದ್ರಪ್ರಿಯ

ತಾವು ಹೇಳಿದಂತೆಯೇ ಇತ್ತು. ಪಾಟುಗಳ ನಡುವೆ ವೈರ್ ಇರಲೇ ಇಲ್ಲ, ಬ್ರಿಜ್‌ನ ವೈರ್ ಟೋನ್ ಪಾಟಿನ ಮೇಲೆಯೇ ಇತ್ತು. ಬೆಸೆದ ಮೇಲೆ ಗುಂಯ್ ನಿಂತು ಟೋನ್ ಕೆಲಸ ಮಾಡುತ್ತಿದೆ. ತುಂಬಾ ಉಪಕಾರವಾಯಿತು. ಆದರೆ ಬೆರಳು ಪಿಕ್‌ಗಾರ್ಡಿಗೆ ಸವರಿದಾಗ ಚಟಪಟ ಎನ್ನುತ್ತದೆ. ಹಾಗೆಯೇ, ಹಳೆಯ ಬೇಸ್‌ಗಳಲ್ಲಿದ್ದಂತೆ ಪಿಕಪ್ ಮತ್ತು ಬ್ರಿಜ್ ಮೇಲೆ ಕ್ರೋಮ್ ಮುಚ್ಚಳ ಹಾಕಿಸುವ ಆಸೆಯಿದೆ. ಹಾಕಿಸಬಹುದೇ?

ಉತ್ತರ: ಹಳೆಯ ಕ್ಯಾಬಿನೆಟ್, ಜಯನಗರ

ಚಟಪಟ ಸ್ಥಿರವಿದ್ಯುತ್ತಿನದು. ಫೆಬ್ರವರಿ, ಮಾರ್ಚ್‌ನ ಒಣಹವೆಯಲ್ಲಿ ಪ್ಲಾಸ್ಟಿಕ್ ಸಾಮಾನುಗಳೆಲ್ಲ ಹೀಗೆ ಮಾಡುತ್ತವೆ, ಮಳೆ ಬಿದ್ದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ಪಿಕ್‌ಗಾರ್ಡಿನ ಮೇಲಿನ ರಕ್ಷಣಾ ಪೊರೆಯನ್ನು ಇನ್ನೂ ಸುಲಿದಿಲ್ಲವಾದರೆ ಸುಲಿಯಿರಿ. ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಹಿಂಬದಿಯ ತಾಮ್ರದ ಟೇಪ್ ಗುಂಡಿಗಳ ಸುತ್ತಷ್ಟೇ ಇದ್ದರೆ ಅದನ್ನು ಪೂರ್ತಿ ಹಿಂಬದಿಗೆ ವಿಸ್ತರಿಸುವುದು ಶಾಶ್ವತ ಪರಿಹಾರ.

ತಂತಿಗಳು ಈಗ ಆಂಪ್ಲಿಫೈಯರಿನ ಅರ್ತ್‌ಗೆ ಸೇರಿರುವುದರಿಂದ ಗೋಡೆಯ ಸಾಕೆಟ್ಟನ್ನೂ ಪರೀಕ್ಷಿಸಿಕೊಳ್ಳಿ. ಬಸವನಗುಡಿಯ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಅರ್ತ್ ವೈರೇ ಇಲ್ಲದಿರುವುದನ್ನು ನೋಡಿದ್ದೇನೆ. ತಂತಿ ಮುಟ್ಟಿದಾಗ ಸಣ್ಣಗೆ ಜುಮ್ ಎಂದರೂ ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಷಿಯನ್ ಅವರನ್ನು ಕರೆಸಬೇಕು.

ಮುಚ್ಚಳಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. ಪಿಕಪ್ ಮೇಲಿನದು ಬೆರಳಾಡುವ ಜಾಗದಲ್ಲೇ ಕೂರುತ್ತದೆ. ಅದಕ್ಕಾಗಿಯೇ ಅನೇಕ ವಾದಕರು ಅದನ್ನು ಕಿತ್ತಿಡುತ್ತಿದ್ದರು. ಬ್ರಿಜ್ ಮುಚ್ಚಳಕ್ಕೆ ಒಂದು ಉಪಯೋಗವಿತ್ತು, ಅದರೊಳಗಿನ ಸ್ಪಂಜು ತಂತಿಗೆ ಒತ್ತಿ ಸ್ವರವನ್ನು ಬೇಗ ಅಡಗಿಸುತ್ತಿತ್ತು. ಆ ಮೊಟಕು ನಾದ ಬೇಕಿದ್ದರೆ ಬ್ರಿಜ್ ಪಕ್ಕದಲ್ಲಿ ತಂತಿಗಳ ಕೆಳಗೆ ಸ್ಪಂಜಿನ ಪಟ್ಟಿಯೊಂದನ್ನು ತುರುಕಿ ಕೇಳಿ ನೋಡಿ, ಖರ್ಚೇ ಇಲ್ಲ. ಮುಚ್ಚಳ ಕೂರಿಸಲು ಮರಕ್ಕೆ ಹೊಸ ತೂತು ಕೊರೆಯಲೇಬೇಕು, ಕೊರೆಯುವಾಗ ಗಟ್ಟಿ ಬಣ್ಣ ಚಕ್ಕೆಯೇಳುವ ಅಪಾಯವಿದೆ, ವಾರಂಟಿಯ ಮಾತೂ ಬರುತ್ತದೆ. ವಾರಂಟಿ ಮುಗಿಯುವವರೆಗಾದರೂ ಕಾಯಿರಿ, ಅಲ್ಲಿಯವರೆಗೆ ಬಿಳಿ ಪಿಕ್‌ಗಾರ್ಡನ್ನು ಅದರ ಹಾಳೆ ಕೀಳದೆ ಹಾಗೇ ಎತ್ತಿಡಿ.