ಕೈಯಾಗಿನ ರೊಕ್ಕ ಒಮ್ಮೆಲೇ ಸುರೀಬ್ಯಾಡ್ರಿ

ಹಾಂ ತಂಗಿ, ನಿನ್ನ ಮೆಸೇಜ್ ಈಗ ಮೊಮ್ಮಗ ಓದಿ ಹೇಳಿದ. ಅಳಿಯಂದ್ರ ನೌಕರಿ ಹೋತು, ಕಂಪನಿ ಕೊಟ್ಟ ಆರು ಲಕ್ಷ, ಪಿಎಫ್ ಎಲ್ಲಾ ಕೂಡಿಸಿ ಮನಿ ಸಾಲಕ್ಕ ತುಂಬಿ ಹಗುರಾಗೋಣೇನು ದೊಡ್ಡವ್ವಾ ಅಂತ ಕೇಳೀದಿ. ಬ್ಯಾಡವಾ. ಕೈಯಾಗಿನ ರೊಕ್ಕ ಒಮ್ಮೆಲೇ ಸಾಲಕ್ಕ ಸುರೀಬ್ಯಾಡ್ರಿ.

1996ರಾಗ ನಿಮ್ಮ ದೊಡ್ಡಪ್ಪನ ಗಿರಣಿ ಬಂದಾದಾಗ ನಾವು ಮಾಡಿದ್ದು ಇದ. ಲೆಕ್ಕ ಮುಗಿಸಿ 62,000 ಕೊಟ್ರು. ಹಳೇ ಹುಬ್ಬಳ್ಳಿ ಮನಿ ಮ್ಯಾಲೆ 58,000 ಸಾಲ ಇತ್ತು, ಒಂದ ದಿನದಾಗ ಕಟ್ಟಿ ಬಂದ್ವಿ. ಸಾಲ ತೀರಿತಂತ ಅವತ್ತು ಹೋಳಗಿ ಮಾಡಿದ್ದೆ. ಉಳಿದ 4,000 ಎರಡು ತಿಂಗಳಿಗೆ ಕರಗಿತು. ಮನಿ ನಮ್ದಾತು, ಖರೆ. ಗ್ವಾಡಿ ಕೆತ್ತಿ ಕೊಟ್ರ ಅಂಗಡ್ಯಾಂವ ಜ್ವಾಳ ಕೊಡ್ತಾನೇನು? ಕಡೀಕ ನನ್ನ ತವರಿನ ಪಾಟಲಿ ಒತ್ತಿ ಇಡೂ ಪಾಳಿ ಬಂತು. ಕೈಯಿಂದ ಬರವಲ್ವು. ಬಚ್ಚಲದಾಗ ಕುಂತು ಸೋಪು ಹಚ್ಚಿ ಹಚ್ಚಿ ತಗದೆ, ಹೆಬ್ಬೆರಳಿನ ಬುಡದಾಗ ತೊಗಲು ಸುಲದಿತ್ತು. ಸಾವುಕಾರ 10,000 ಕೊಟ್ಟ, ನೂರಕ್ಕ ತಿಂಗಳಾ ಮೂರು ರೂಪಾಯಿ ಬಡ್ಡಿ. 14 ತಿಂಗಳು 300 ಹಂಗ ಕಟ್ಟಿದೆ, 4,200 ಆತು, ಅಸಲು ಒಂದು ಪೈಸೆ ಇಳೀಲಿಲ್ಲ. ಪಾಟಲಿ ಹೋದ್ವು.

ಅದಕ್ಕ ಮತ್ತ ಹೇಳ್ತೀನಿ, ಒಮ್ಮೆಲೇ ತುಂಬಬ್ಯಾಡ್ರಿ. ಸಾಲಕ್ಕ ಹಾಕಿದ ರೊಕ್ಕ ಬೇಕಂದಾಗ ತಿರುಗಿ ಬರೂದಿಲ್ಲ.

ಆವಾಗ ನನ್ನ ಮೈದುನನ ಹತ್ರ 500 ಕೇಳಾಕ ಹೋಗಿದ್ದೆ. ಧಾರವಾಡದಾಗ ಇಟ್ಟು ಓದಿಸಿದ್ದು ನಾವ. ಸೋಮವಾರಕ್ಕೊಮ್ಮೆ ಮುಂಜಾನಿ ಬಸ್‌ಸ್ಟ್ಯಾಂಡಿಗೆ ಹೋಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟು ಬರ್ತಿದ್ದೆ. ಅಂವ ಪಡಸಾಲ್ಯಾಗ ಕುಂಡ್ರಿಸಿ, ಚಾ ಕುಡಿಸಿ, ಈ ತಿಂಗಳು ಆಗೂದಿಲ್ಲ ವೈನಿ ಅಂದ. ಬಾಗಲ ಮುಂದ ಹೊಸಾ ಸ್ಕೂಟರ್ ನಿಂತಿತ್ತು. ಈಗೂ ಹಬ್ಬಕ್ಕ ಬರ್ತಾನ, ನಾ ಬಡಸ್ತೀನಿ, ಆದ್ರ ಅದನ್ನ ಮರ್ತಿಲ್ಲ. ಈ ಗ್ರೂಪಿನ್ಯಾಗ ಅದಾನ, ಕೇಳ್ಲಿ.

ಅಯ್ಯ, ನೀ ಕೇಳಿದ್ದು ಉಳದ ಹೋತು ನೋಡು. ಮನಿ ಖರ್ಚು, ಸಾಲದ ಕಂತು ಎರಡೂ ಕೂಡಿಸಿ ಆರು ತಿಂಗಳದ್ದು ಬ್ಯಾರೆ ಇಡ್ರಿ. ಒಂದ ಎಫ್‌ಡಿ ಮಾಡಬ್ಯಾಡ್ರಿ, 50,000ದ ತುಣುಕು ಮಾಡ್ರಿ, ಒಂದು ಮುರದ್ರ ಉಳದವು ಹಂಗ ಇರ್ತಾವು. ಪಿಎಫ್ ಈಗ ಮುಟ್ಟಬ್ಯಾಡ್ರಿ, 2024-25ಕ್ಕ ಶೇಕಡಾ 8.25 ಬಡ್ಡಿ ಕೊಟ್ಟಾರ. ಕಂತು ತಪ್ಪೂಕಿಂತ ಮೊದಲ ಬ್ಯಾಂಕಿಗೆ ಹೋಗಿ, ಮುದ್ದತು ಉದ್ದ ಮಾಡಿ ಕಂತು ಇಳಸ್ತೀರೇನ್ರಿ ಅಂತ ಕೇಳ್ರಿ. ಮತ್ತ ಕಂಪನಿ ಕೊಟ್ಟ ದವಾಖಾನಿ ಇನ್ಶೂರನ್ಸ್ ಯಾವತ್ತಿನ ಮಟಾ ಐತಿ ಅಂತ ಅಳಿಯಂದ್ರಿಗೆ ಇವತ್ತ ಕೇಳು, ನಿಮ್ಮ ಅತ್ತಿಯವರಿಗೆ ಶುಗರ್ ಐತಿ.