ಪದ ಬೇಕು: ದಿನ ತುಂಬದ ಕೂಸಿಗಾಗಿ ತಾಯಿಗೆ ಕೊಡುವ ಸ್ಟೀರಾಯ್ಡ್

ಹೊಳಲ್ಕೆರೆಯಿಂದ:
ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಆರೋಗ್ಯ ಕೇಂದ್ರದ ಗೋಡೆಗೆ ಬೋರ್ಡ್ ಬರೆಸುತ್ತಿದ್ದೇವೆ, ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. 24ರಿಂದ 34 ವಾರದ ನಡುವೆ ಹೆರಿಗೆ ಆಗುವ ಹಾಗಿದ್ದರೆ ತಾಯಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರಲ್ವಾ, ಕೂಸಿಗೆ ಉಸಿರಾಟದ ತೊಂದರೆ ಆಗದಿರಲಿ ಅಂತ? ಅದಕ್ಕೆ. ಕರಡಿನಲ್ಲಿ 'ಪ್ರಸವಪೂರ್ವ ಕಾರ್ಟಿಕೋಸ್ಟೀರಾಯ್ಡ್ ಚಿಕಿತ್ಸೆ' ಎಂದಿದೆ. ಆಶಾ ಕಾರ್ಯಕರ್ತೆಯರೇ ಓದುವಾಗ ತಡವರಿಸಿದರು.

ದಾವಣಗೆರೆಯಿಂದ:
ಪ್ರಸವಪೂರ್ವ ಬೇಡವೇ ಬೇಡ. 'ಬಸಿರು' ಇರುವಾಗ ಅದೇಕೆ? ಹಳಗನ್ನಡದ ಬಸಿರ್ ಎಂದರೆ ಹೊಟ್ಟೆ. ತಮಿಳಿನ ವಯಿರು ಅದರ ಒಡಹುಟ್ಟು. 'ಬಸಿರುಮದ್ದು' ಎಂದು ಬರೆಯಿರಿ. ಅಚ್ಚಕನ್ನಡ. ಸ್ಟೀರಾಯ್ಡ್ ಅನ್ನೂ ತೆಗೆಯಿರಿ.

ಚಿತ್ರದುರ್ಗದಿಂದ:
ಬಸಿರುಮದ್ದು ಎಂದರೆ ಬಸಿರಾಗಲು ಕೊಡುವುದೋ, ತೆಗೆಸಲು ಕೊಡುವುದೋ? ಗೋಡೆ ಮೇಲೆ ಖಂಡಿತ ಬೇಡ. 'ಮದ್ದು ಹಾಕಿದ್ರು' ಅಂದರೆ ನಮ್ಮ ಕಡೆ ಜನ ಏನು ತಿಳಿಯುತ್ತಾರೆ, ನಿಮಗೆ ಗೊತ್ತಿದೆ. 'ಚುಚ್ಚುಮದ್ದು' ಅಂದರೆ ಧನುರ್ವಾಯುವಿನ ಟಿಟಿ ಅಂದುಕೊಂಡು 'ಆಗಲೇ ಹಾಕಿಸಿದೀವಿ' ಎನ್ನುತ್ತಾರೆ. 'ಶ್ವಾಸಕೋಶ ಬಲಿಯಲು ಇಂಜೆಕ್ಷನ್' ಎನ್ನಿ. ಮೆಕ್ಕೆಜೋಳದ ತೆನೆ ಬಲಿಯುತ್ತದಲ್ಲ, ಆ ಬಲಿ. ನಡೆಯುವುದೂ ಅದೇ. ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ದಿನ ತುಂಬದ ಕೂಸಿನಲ್ಲಿ ಸಾಲದು. ತಾಯಿಗೆ ಕೊಟ್ಟ ಔಷಧ ಮಾಸು ದಾಟಿ ಕೂಸಿಗೆ ತಲುಪಿ ಅದನ್ನು ಹೆಚ್ಚಿಸುತ್ತದೆ.

ದಾವಣಗೆರೆಯಿಂದ:
ಶ್ವಾಸಕೋಶ ಸಂಸ್ಕೃತ, ಇಂಜೆಕ್ಷನ್ ಇಂಗ್ಲಿಷ್. ಕನ್ನಡ ಎಲ್ಲಿ ಉಳಿಯಿತು? ಸಾಲದ್ದಕ್ಕೆ ಕೂಸಿನ ಪಕ್ಕ 'ಬಲಿ' ಬೇರೆ!

ಚಿತ್ರದುರ್ಗದಿಂದ:
ಬಲಿ ಕೊಡುವ ಬಲಿ ಸಂಸ್ಕೃತದ್ದು. ಬಲಿಯುವುದು ನಮ್ಮದೇ ಕ್ರಿಯಾಪದ. ಬಸಿರಿಗೆ ಬೇರು ಹುಡುಕಿದವರಿಗೆ ಇದು ಹೊಳೆಯಲಿಲ್ವಾ? ಡಾಕ್ಟರ್, ಆಸ್ಪತ್ರೆ, ದವಾಖಾನೆ ಎಲ್ಲವೂ ಹೊರಗಿನವೇ. ನೋವಿನಲ್ಲಿರುವ ಹೆಣ್ಣುಮಗಳನ್ನು ಕರೆತರುವವರು ಅವನ್ನೇ ಆಡುತ್ತಾ ಬರುತ್ತಾರೆ.

ಹಿರಿಯೂರಿನಿಂದ:
ಇಬ್ಬರೂ ಹೊತ್ತಿನ ಮಾತು ಬಿಟ್ಟಿರಿ. ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬರೀ 'ಹೆರಿಗೆಗೆ ಮುಂಚೆ' ಎಂದರೆ ಎಲ್ಲ ಬಸುರಿಯರಿಗೂ ಕೊಡುತ್ತಾರೆ ಅಂತಾಗುತ್ತದೆ. ಇದು ಬೇಗ ಹೆರಿಗೆ ಆಗುವ ಅಪಾಯ ಇರುವವರಿಗೆ ಮಾತ್ರ. 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ಒಟ್ಟು 4 ಸಲ. ಶುರುಮಾಡಿ ಒಂದು ದಿನ ಕಳೆದು, ವಾರದೊಳಗೆ ಹೆರಿಗೆಯಾದರೆ ಪ್ರಯೋಜನ ಜಾಸ್ತಿ. ಬೋರ್ಡ್ ಹೇಳಬೇಕಾದದ್ದು ಬೇಗ ಬನ್ನಿ ಅಂತ. ಸ್ಟೀರಾಯ್ಡ್ ಪದವನ್ನು ಮುಚ್ಚಿಡಬೇಡಿ. ಮೈ ಊದುತ್ತೆ ಅಂತ ಮನೆಯವರು ಹೆದರುತ್ತಾರೆ, ನಿಜ. ಆದರೆ ಆಮೇಲೆ ಚೀಟಿಯಲ್ಲಿ ಆ ಹೆಸರು ಕಂಡರೆ ನಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ. 1972ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ತಾಯಂದಿರ ಮೇಲಿನ ಪ್ರಯೋಗದ ಫಲ ಪ್ರಕಟಿಸಿದ ಚಿಕಿತ್ಸೆ ಇದು, ನಾಚಿಕೆಪಡುವ ಗುಟ್ಟಲ್ಲ. ಹೀಗೆ ಬರೆಸಿ:

'ದಿನ ತುಂಬುವ ಮೊದಲೇ ನೋವು ಬಂದರೆ, ನೀರು ಹೋದರೆ ತಕ್ಷಣ ಬನ್ನಿ. ಕೂಸಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗಬಹುದು.'

ದಾವಣಗೆರೆಯಿಂದ:
ತಕ್ಷಣವೂ ಸಂಸ್ಕೃತ. 'ಕೂಡಲೇ' ಎನ್ನಿ.

ಹೊಳಲ್ಕೆರೆಯಿಂದ:
'ಕೂಡಲೇ' ತೆಗೆದುಕೊಂಡೆ ಸರ್. ಉಳಿದದ್ದು ಮೇಡಂ ಬರೆದ ಹಾಗೆಯೇ ಹೋಗುತ್ತದೆ, ಸ್ಟೀರಾಯ್ಡ್ ಕೂಡ.