ಅಗ್ಗದ ಡಕ್ಟ್ ಟೇಪ್ ತಾಡಪಾಲಿಗೆ ಅಂಟುತ್ತಿಲ್ಲ

ಪ್ರಶ್ನೆ (ಶಿರಸಿ):
ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ರಾತ್ರಿಯ ಇಬ್ಬನಿ ತಾಗದಂತೆ ಹೊದೆಸುವ ತಾಡಪಾಲು ಮಡಿಕೆಯಲ್ಲಿ ಒಂದು ಗೇಣು ಹರಿದಿದ್ದರಿಂದ, ಪೇಟೆಯಲ್ಲಿ 60 ರೂಪಾಯಿಗೆ ಸಿಕ್ಕ ಡಕ್ಟ್ ಟೇಪನ್ನು ಅಂಟಿಸಿದ್ದೆ. ಮೂರನೆಯ ಬೆಳಿಗ್ಗೆ ಅದರ ಅಂಚು ಸುಟ್ಟ ಹಪ್ಪಳದಂತೆ ಮುರುಟಿಕೊಂಡು ಎದ್ದಿತ್ತು. ಎಳೆದರೆ ಅಂಟಿನ ಗುರುತೂ ಉಳಿಯದೆ ಬಿಟ್ಟುಬಂತು. ಕೆಳಗಿನ ಅಡಿಕೆ ಒದ್ದೆಯಾದದ್ದು ನೋಡಿ ಬಹಳ ಬೇಸರವಾಯಿತು. ತಪ್ಪು ಟೇಪಿನದೋ, ನನ್ನದೋ?

ಉತ್ತರ (ಕುಮಟಾ):
ಎರಡರದ್ದೂ ಇರಬಹುದು. ಒಳ್ಳೆಯ ಡಕ್ಟ್ ಟೇಪಿನಲ್ಲಿ ಮೇಲೆ ಪಾಲಿಥೀನ್ ಪದರ, ನಡುವೆ ಬಟ್ಟೆಯ ಜಾಲರಿ, ಕೆಳಗೆ ರಬ್ಬರ್ ಆಧಾರಿತ ದಪ್ಪ ಅಂಟು ಇರುತ್ತವೆ. ಕೈಯಿಂದ ಹರಿದು ನೋಡಿ: ನೂಲು ಕಾಣಿಸದೆ ಬರಿಯ ಪ್ಲಾಸ್ಟಿಕ್ಕಿನಂತೆ ಜಗ್ಗಿದರೆ ಅದು ಹೆಸರಿಗಷ್ಟೇ ಡಕ್ಟ್ ಟೇಪ್. ಆದರೆ ತಾಡಪಾಲು ಕೂಡ ಪಾಲಿಥೀನ್ ಆಗಿರುವುದರಿಂದ, ಯಾವ ಅಂಟೂ ಅದನ್ನು ಸುಲಭವಾಗಿ ಹಿಡಿಯುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಉತ್ತರ (ಕಾರವಾರ):
ನಮ್ಮಲ್ಲಿ ಉಪ್ಪುಗಾಳಿಯ ತೇವವೇ ದೊಡ್ಡ ತೊಂದರೆ. ಸಾಬೂನು ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ, ಮಧ್ಯಾಹ್ನದ ಬಿಸಿಯಲ್ಲಿ ಎರಡೂ ಬದಿಗೆ ಅಂಟಿಸಿ ಚಮಚದ ಬೆನ್ನಿನಿಂದ ಬಲವಾಗಿ ಉಜ್ಜಿರಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ. ಇಷ್ಟಾದರೂ ಬಿಸಿಲಿಗೆ ಅಂಟು ಸೊರಗುತ್ತದೆ; ಮಳೆಗಾಲವನ್ನೂ ದಾಟಬೇಕಾದರೆ ನೈಲಾನ್ ದಾರದಿಂದ ತೇಪೆ ಹೊಲಿಸಿ, ಆ ಹೊಲಿಗೆಯ ಮೇಲೆ ಟೇಪು ಹಚ್ಚುವುದೇ ಸರಿ.

ಪ್ರಶ್ನೆ ಕೇಳಿದವರು:
ಹರಿದು ನೋಡಿದೆ, ಒಂದು ಎಳೆ ನೂಲೂ ಇಲ್ಲ. ನಾಳೆಯೇ ಹೊಲಿಸುತ್ತೇನೆ.